ಐದು ಗಂಟೆಯ ಕಳ್ಳಿ

"ಮತ್ತ ನಿಂತತು ನೋಡು!" ಮಾಲತೇಶ ಮೌಸ್ ಎತ್ತಿ ಮೇಜಿಗೆ ಕುಟ್ಟಿದ. "ಮುಂಜಾನೆ ಕುದುರಿಗತೆ ಓಡ್ತೈತಿ. ಸಂಜಿ ಐದು ಹೊಡೀತು ಅಂದ್ರ ಸತ್ತಂಗ ಬೀಳ್ತೈತಿ!"

ಕಂಪ್ಯೂಟರ್ ಪರದೆಯ ನಡುವೆ ಒಂದು ಉಂಗುರ ಸುಮ್ಮನೆ ಸುತ್ತುತ್ತಿತ್ತು. ಅದರ ಹಿಂದೆ ಮದುಮಗಳು ಮಾಹೀರಾ ಅರ್ಧ ನಗುವಿನಲ್ಲೇ ನಿಂತುಬಿಟ್ಟಿದ್ದಳು.

"ಕಾಕಾ, ಇನ್ನೊಮ್ಮಿ ಒತ್ರಿ. ಅಕ್ಕ ಈಗ ನನ್ನ ಕರೀತಾಳ," ಎಂದಳು ಅವಳ ತಂಗಿ ನುಜಹತ. ಆ ವಿಡಿಯೋ ಅವಳಿಗೆ ಬಾಯಿಪಾಠ.

ಮಾಲತೇಶನ ಮಗಳು ವಿದ್ಯಾ, ಗೆಳತಿ ನುಜಹತಳ ಮುಖ ನೋಡಲಿಲ್ಲ. ಕೈ ನೋಡಿದಳು. ಕೀಬೋರ್ಡಿನ ಹತ್ತಿರ ಹೋಗಿದ್ದವೇ?

ವಿದ್ಯಾಳ ಅಪ್ಪ ಹಿರೇಕೆರೂರಿನಲ್ಲಿ ಮದುವೆ ವಿಡಿಯೋ ತೆಗೆಯುವವನು. ತೆಗೆದದ್ದೆಲ್ಲ ಮನೆಯ ಸರ್ವರಿನಲ್ಲಿ ಇರುತ್ತಿತ್ತು. ಸರ್ವರ್ ಅಂದರೆ ಬೂಟಿನ ಡಬ್ಬಿಯಷ್ಟು ದೊಡ್ಡ ಕರಿ ಪೆಟ್ಟಿಗೆ, ಒಳಕೋಣೆಯ ಗೋಡೆಗೂಡಿನಲ್ಲಿ ಕೂತಿತ್ತು. ಅದರ ಹೊಟ್ಟೆಯಲ್ಲಿ ಇಪ್ಪತ್ತೆರಡು ಮದುವೆ. ಅದು ಕೆಟ್ಟರೆ ಇಪ್ಪತ್ತೆರಡು ಮನೆಯವರು ಬಂದು ಬಾಗಿಲಲ್ಲಿ ನಿಲ್ಲುತ್ತಾರೆಂದು ಅಪ್ಪ ಊಟಕ್ಕೆ ಕೂತಾಗಲೂ ಹೇಳುತ್ತಿದ್ದ.

ಮಾಹೀರಾ ಮದುವೆಯಾಗಿ ಸವಣೂರಿಗೆ ಹೋಗಿ ಒಂದು ತಿಂಗಳಾಗಿತ್ತು. ಅವಳ ವಿಡಿಯೋ ಇನ್ನೂ ಎಡಿಟ್ ಆಗಿರಲಿಲ್ಲ. ಹಾಗಾಗಿ ನುಜಹತ ದಿನಾ ಶಾಲೆ ಬಿಟ್ಟ ಮೇಲೆ ಬಂದು ಅಕ್ಕನನ್ನು ನೋಡಿಕೊಂಡು ಹೋಗುತ್ತಿದ್ದಳು.

ಅವಳು ಹೋದ ಮೇಲೆ ಅಪ್ಪ ಅಂದ, "ಯಾರೋ ಇದಕ್ಕ ಕೈ ಹಚ್ಚಾಕತ್ತಾರ."

ಯಾರು ಎಂದು ಹೇಳಲಿಲ್ಲ. ಆ 'ಯಾರೋ' ಬಂದು ವಿದ್ಯಾಳ ತಲೆಯಲ್ಲಿ ಕೂತುಬಿಟ್ಟಿತು.

ಸೋಮವಾರದಿಂದ ಅವಳು ಗಣಿತದ ನೋಟ್‌ಬುಕ್ಕಿನ ಕೊನೆ ಹಾಳೆಯಲ್ಲಿ ಬರೆಯತೊಡಗಿದಳು. ಸೋಮವಾರ: ನುಜಹತ ಬಂದದ್ದು 4.30, ಸರ್ವರ್ ನಿಂತದ್ದು 5.00. ಮಂಗಳವಾರ: ನುಜಹತ ಬಂದದ್ದು 4.35, ಸರ್ವರ್ ನಿಂತದ್ದು 5.05.

ಬುಧವಾರವೂ ವಿದ್ಯಾ ಮನೆಗೆ ಬರುವಷ್ಟರಲ್ಲಿ ಎದುರಿನ ಕಣದಲ್ಲಿ ಗೋವಿನಜೋಳ ಒಕ್ಕುವ ಮಷಿನ್ ಶುರುವಾಗಿತ್ತು. ಹೊಟ್ಟು ಕಿಟಕಿಯೊಳಗೆ ಹಾರಿ ಬರುತ್ತಿತ್ತು. ವಿದ್ಯಾ ದಿನದಂತೆ ಕಿಟಕಿ ಹಾಕಿ, ಸರ್ವರಿನ ಮೇಲೆ ಪುಟ್ಟ ಕೌದಿ ಹೊದಿಸಿದಳು. ಹಳೆ ಬಟ್ಟೆಯ ತುಂಡು ಕೂಡಿಸಿ ತಾನೇ ಹೊಲಿದ ಕೌದಿ. ನಡುವಿನ ಹಸಿರು ಜರಿಯ ತುಂಡು ಮಾತ್ರ ನುಜಹತ ಕೊಟ್ಟದ್ದು, ಮಾಹೀರಾಳ ಮದುವೆ ಬಟ್ಟೆಯಲ್ಲಿ ಉಳಿದದ್ದು.

ಆಮೇಲೆ ಬಾಗಿಲ ಮರೆಗೆ ನಿಂತು ಕಾದಳು.

ನುಜಹತ ಬಂದಳು. 4.32. ಕಂಪ್ಯೂಟರಿನ ಮುಂದೆ ಕೂತು ಪಾಟಿಚೀಲಕ್ಕೆ ಕೈ ಹಾಕಿದಳು.

"ಏನಲೇ ಅದು?" ವಿದ್ಯಾ ಹಾರಿ ಬಂದಳು. "ಪೆನ್ ಡ್ರೈವ್ ಹೌದಿಲ್ಲೋ?"

"ಹುಣಸಿಹಣ್ಣಿನ ಚಿಗಳಿ! ನಿನಗೂ ತಂದೇನಿ."

"ಚಿಗಳಿ ನೆವ ಹೇಳಬ್ಯಾಡ. ನೀ ಬಂದಾಗಷ್ಟ ಡಬ್ಬಿ ನಿಲ್ತೈತಿ. ಬರದಿಟ್ಟೇನಿ ನೋಡು!"

ನುಜಹತ ಹಾಳೆ ಓದಿದಳು. ಎರಡು ಸಾಲಿನಲ್ಲೂ ತನ್ನದೇ ಹೆಸರು. ಅವಳ ಕಿವಿ ಕೆಂಪಗಾದವು.

"ನಾ ಬಂದ ಹೊತ್ತು ಬರದೀ. ಹೋದ ಹೊತ್ತ್ಯಾಕ ಬರದಿಲ್ಲ?" ಅವಳು ಗೋಡೆಯ ಗಡಿಯಾರ ನೋಡಿದಳು. "ನಾಕೂ ಮೂವತ್ತೈದು. ಹೋಗಾಕತ್ತೇನಿ. ಬರಕೋ."

ಚಿಗಳಿ ಮೇಜಿನ ಮೇಲೆಯೇ ಉಳಿಯಿತು. ಅವತ್ತೂ ಐದಕ್ಕೆ ಸರ್ವರ್ ನಿಂತಿತು; ಏನೋ ಮುಟ್ಟಿಯೇ ಹೋಗಿದ್ದಾಳೆ ಎಂದುಕೊಂಡಳು ವಿದ್ಯಾ.

ಗುರುವಾರ ನುಜಹತ ಶಾಲೆಯಲ್ಲಿ ಬೇರೆ ಬೆಂಚಿಗೆ ಹೋಗಿ ಕೂತಳು. ಸಂಜೆ ಮನೆಗೆ ಬರಲಿಲ್ಲ. ಆದರೂ ಐದಕ್ಕೆ ಸರ್ವರ್ ನಿಂತಿತು.

ಓಹೋ, ಹೊರಗೆ ನಿಂತು ವೈಫೈ ಹಿಡಿಯುತ್ತಿದ್ದಾಳೆ! ವಿದ್ಯಾ ಹಟ ಹಿಡಿದು ಅಪ್ಪನಿಂದ ಪಾಸ್‌ವರ್ಡ್ ಬದಲು ಮಾಡಿಸಿದಳು. ಶುಕ್ರವಾರ ಐದಕ್ಕೆ ಸರ್ವರ್ ಮತ್ತೆ ನಿಂತಿತು.

ಅಪ್ಪ ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡಿದ. ವೈರ್ ಬದಲಿಸಿದ. ಕೊನೆಗೆ ಬ್ಯಾಟರಿ ದೀಪ ಹಿಡಿದು ಒಳಕೋಣೆಗೆ ಹೋದವನು ಅಲ್ಲಿಂದಲೇ ಕೂಗಿದ, "ವಿದ್ಯಾ! ಇದನ್ನ ಹೊದಿಸಿದವರು ಯಾರು?"

"ನಾನ. ಧೂಳ ಬೀಳಬಾರ್ದು ಅಂತ ನೀನ ಹೇಳಿದ್ದಿ. ಮಷಿನ್ ಬಂದಾಗಿಂದ ದಿನಾ ಸಂಜಿಗೆ ಹೊದಿಸ್ತೇನಿ, ಮುಂಜಾನೆ ಕಸ ಹೊಡಿಯೋ ಮುಂದ ತಗೀತೇನಿ."

"ಬಾ ಇಲ್ಲಿ. ಕೈ ಇಡು."

ವಿದ್ಯಾ ಕೈ ಇಟ್ಟು ಸರ್ರನೆ ಎಳೆದುಕೊಂಡಳು. ಒಲೆಯ ಮೇಲಿನ ಹಂಚು!

"ಇದರ ಹಿಂದ ಫ್ಯಾನ್ ಐತಿ, ಬಿಸಿ ಹೊರಗ ಹಾಕಾಕ. ನೀ ಕೌದಿ ಹೊದಿಸಿದ್ರ ಅದು ಉಸಿರು ಎಲ್ಲಿ ಬಿಡಬೇಕು? ಕಾದು ಕಾದು ನಿಲ್ತೈತಿ. ಮುಂಜಾನೆ ತಗದಮ್ಯಾಲೆ ತಣ್ಣಗಾಗಿ ಓಡ್ತೈತಿ." ಅಪ್ಪ ನಕ್ಕುಬಿಟ್ಟ. "ಸಾಕ್ ಬಿಡು, ಕಳ್ಳಿ ಸಿಕ್ಕಳು!"

ತಾನು ಅಂದು ಆಡಿದ 'ಯಾರೋ' ಎಂಬ ಮಾತು ಹೋಗಿ ಯಾರಿಗೆ ತಾಗಿತೆಂದು ಅವನು ಯೋಚಿಸಲಿಲ್ಲ.

ವಿದ್ಯಾಳಿಗೆ ನಗು ಬರಲಿಲ್ಲ. ನೋಟ್‌ಬುಕ್ ತೆರೆದು ನೋಡಿದಳು. ನುಜಹತ ಬಂದ ಹೊತ್ತಿತ್ತು. ಸರ್ವರ್ ನಿಂತ ಹೊತ್ತಿತ್ತು. ಕೌದಿ ಹೊದಿಸಿದ ಹೊತ್ತು ಎಲ್ಲೂ ಇರಲಿಲ್ಲ.

ಕೌದಿಯನ್ನು ಕಂಕುಳಲ್ಲಿ ಹಿಡಿದು ಓಡಿದಳು. ನುಜಹತ ಮನೆಯ ಕಟ್ಟೆಯ ಮೇಲೆ ಕೂತಿದ್ದಳು.

"ಏನು, ನಾ ಕುಂತ ಹೊತ್ತು ಬರಕೊಳ್ಳಾಕ ಬಂದೀಯೇನು?"

"ಡಬ್ಬಿ ನಿಂತದ್ದು ನನ್ನಿಂದ. ಈ ಕೌದಿ ಹೊದಿಸಿ ನಾನ ಕಾಯಿಸಿದ್ದೆ."

ನುಜಹತ ಕೌದಿಯ ಹಸಿರು ತುಂಡಿನ ಮೇಲೆ ಬೆರಳಿಟ್ಟಳು.

"ನನ್ನ ತುಂಡು ನನಗ ಕೊಡು."

ಬೈದಾಳು, ಹೊಡೆದಾಳು ಎಂದುಕೊಂಡು ಬಂದಿದ್ದಳು ವಿದ್ಯಾ. ಇದನ್ನು ಅಂದುಕೊಂಡಿರಲಿಲ್ಲ. ಕಟ್ಟೆಯ ಮೇಲೆ ಕೂತು ಹೊಲಿಗೆ ಬಿಚ್ಚತೊಡಗಿದಳು. ಎಂದೂ ಬಿಚ್ಚಬಾರದೆಂದು ಒತ್ತೊತ್ತಾಗಿ ಹಾಕಿದ ಹೊಲಿಗೆ. ಒಂದೊಂದನ್ನೂ ಉಗುರಿನಿಂದ ಎತ್ತಬೇಕು. ಜೋರಾಗಿ ಎಳೆದರೆ ಜರಿ ಹರಿಯುತ್ತದೆ.

ಸ್ವಲ್ಪ ಹೊತ್ತಾದ ಮೇಲೆ ನುಜಹತ ಹತ್ತಿರ ಸರಿದು, ಕೌದಿಯ ಇನ್ನೊಂದು ತುದಿಯನ್ನು ಬಿಗಿಯಾಗಿ ಹಿಡಿದಳು.

"ಮೆಲ್ಲಕ."

"ಹೂಂ."

"ಈಗ ಅಕ್ಕನ ವಿಡಿಯೋ ಓಡ್ತೈತೇನು?"

"ಓಡ್ತೈತಿ."

"ನಾಳೆ ನಾ ಬರಂಗಿಲ್ಲ ಮತ್ತ."

ನಾಡಿದ್ದು? ಮಾತು ವಿದ್ಯಾಳ ಬಾಯಿಯ ತನಕ ಬಂದಿತ್ತು. ಮುಂದಿನ ಹೊಲಿಗೆಗೆ ಮೆಲ್ಲಗೆ ಉಗುರು ಹಾಕಿದಳು.