ಕುಲ್ಸುಮ್ ಏನಂದಳು?

"ಏನಂದ್ಳು?" ಆದೆಮ್ಮ ವಾಹಿದಾಳ ಮೊಣಕೈ ತಿವಿದು ಕೇಳಿದಳು.

"ನಿನ್ನ ರಿಬ್ಬನ್ ಚಂದ ಅದ ಅಂದ್ಳು."

"ಹೌದಾ? ನಾಳಿಗೆ ಆಕಿಗೂ ಒಂದು ತರ್ತೀನಂತ ಹೇಳು."

ವಾಹಿದಾ ಹೇಳಿದಳು. ಒಂದು ವಾರದಿಂದ ಅವಳಿಗೆ ಇದೇ ಕೆಲಸ.

ಅದು ೧೯೭೮ರ ಡಿಸೆಂಬರ್. ವಾಹಿದಾಳ ದೊಡ್ಡಮ್ಮನ ಮಗಳು ಕುಲ್ಸುಮ್ ಹೈದರಾಬಾದಿನಿಂದ ಮಾನ್ವಿಗೆ ಬಂದಿದ್ದಳು. ಅವಳ ತಾಯಿ ಆಪರೇಷನ್ ಆಗಿ ಇನ್ನೂ ಆಸ್ಪತ್ರೆಯಲ್ಲಿದ್ದರು. ಕುಲ್ಸುಮ್‌ಗೆ ಕನ್ನಡ ಒಂದಕ್ಷರ ಬಾರದು. "ಮನಿಯಾಗ ಒಬ್ಬಾಕಿ ಕುಂತು ಏನ್ ಮಾಡ್ತಾಳ? ನಿನ್ನ ಮಗ್ಗಲಕ್ಕ ಕುಂಡ್ರಲಿ ಬಿಡು" ಎಂದು ಬಸವಂತಮ್ಮ ಟೀಚರ್ ಅವಳನ್ನು ಐದನೇ ಕ್ಲಾಸಿನಲ್ಲಿ ಕೂರಿಸಿಕೊಂಡಿದ್ದರು.

ಮೊದಲೆರಡು ದಿನ ವಾಹಿದಾಗೆ ಖುಷಿಯೋ ಖುಷಿ. ಅವಳು ಬಾಯಿ ಬಿಟ್ಟರೆ ಮಾತ್ರ ಕುಲ್ಸುಮ್‌ಳ ಮಾತು ಎಲ್ಲರಿಗೂ ತಿಳಿಯುತ್ತಿತ್ತು. ಟೀಚರ್ ಕೂಡ ಅವಳನ್ನೇ ಕೇಳಬೇಕಿತ್ತು.

ಆಮೇಲೆ ಯಾಕೋ ಸರಿಬರಲಿಲ್ಲ. ಆದೆಮ್ಮ ಒಂದನೇ ಕ್ಲಾಸಿನಿಂದ ವಾಹಿದಾಳ ಗೆಳತಿ. ಅವಳು ಹೊಲದಿಂದ ತರುವ ಬಾರಿಹಣ್ಣು ಮೊದಲು ಬೀಳುತ್ತಿದ್ದದ್ದು ವಾಹಿದಾಳ ಉಡಿಗೆ. ಈಗ ಆ ಹಣ್ಣು ಕುಲ್ಸುಮ್‌ಳ ಉಡಿಗೆ. ಆದೆಮ್ಮ ವಾಹಿದಾಳ ಕಡೆ ತಿರುಗಿದರೂ "ಆಕಿಗೆ ಹೇಳು", "ಆಕಿನ ಕೇಳು" ಎನ್ನುವುದಕ್ಕಷ್ಟೇ. ವಾಹಿದಾಗೆ ಏನು ಬೇಕು ಎಂದು ಯಾರೂ ಕೇಳುತ್ತಿರಲಿಲ್ಲ.

ಅವತ್ತು ಊಟದ ಬಿಡುವಿನಲ್ಲಿ ಮೂವರೂ ಬೇವಿನ ಗಿಡದ ಕೆಳಗೆ ಕೂತಿದ್ದರು. ಆದೆಮ್ಮ ಒಂದು ಬೊಗಸೆ ಬಾರಿಹಣ್ಣು ತೆಗೆದು ಕುಲ್ಸುಮ್‌ಳ ಮುಂದೆ ಸುರಿದಳು. ಕುಲ್ಸುಮ್ ಒಂದನ್ನೂ ಮುಟ್ಟಲಿಲ್ಲ. ಆ ವಾರ ಹೈದರಾಬಾದಿನಿಂದ ತಾಯಿಯ ಸುದ್ದಿಯ ಕಾರ್ಡು ಬಂದಿರಲಿಲ್ಲ.

"ಮೇರೆಕು ಉದಾಸ್ ಲಗ್ರಾ" ಎಂದಳು ಮೆಲ್ಲಗೆ. "ಅಮ್ಮೀ ಯಾದ್ ಆರೇ."

"ಏನಂದ್ಳು?"

ಅಮ್ಮಿಯ ನೆನಪಾಗಿ ಮನಸ್ಸಿಗೆ ಒಂಥರಾ ಆಗಿದೆ ಎಂದು ಕುಲ್ಸುಮ್ ಹೇಳಿದ್ದಳು. ಉದಾಸ್ ಎನ್ನುವುದಕ್ಕೆ ಕನ್ನಡದಲ್ಲಿ ಬೇಸರ ಎನ್ನಬಹುದು. ಆದರೆ ಲೆಕ್ಕದ ಪಿರಿಯಡ್ ಮುಗಿಯದಿದ್ದರೂ ಬೇಸರವೇ, ದಿನಾ ಪುಂಡಿಪಲ್ಯ ಉಂಡರೂ ಬೇಸರವೇ.

"ಬ್ಯಾಸರ ಆಗ್ಯಾದಂತ" ಎಂದಳು ವಾಹಿದಾ.

"ಯಾಕ? ನನ್ನ ಸಂಗಟ ಕುಂತು ಕುಂತಾ?"

ಅಲ್ಲ ಎಂದಿದ್ದರೆ ಮುಗಿಯುತ್ತಿತ್ತು. ವಾಹಿದಾ ಕುಲ್ಸುಮ್‌ಳ ಮುಂದಿನ ಹಣ್ಣಿನ ರಾಶಿ ನೋಡಿದಳು.

"ಹೂಂ, ಇರಬೇಕು."

ಆದೆಮ್ಮನ ಮುಖ ಸಣ್ಣದಾಯಿತು. ಹಣ್ಣನ್ನೆಲ್ಲ ಬಳಿದು ಲಂಗದಲ್ಲಿ ತುಂಬಿಕೊಂಡು ಎದ್ದು ಹೋದಳು. ವಾಹಿದಾಗೂ ಒಂದೂ ಕೊಡಲಿಲ್ಲ.

ಮರುದಿನ ಅವಳು ಹಿಂದಿನ ಸಾಲಿಗೆ ಹೋಗಿ ಕೂತಳು. ವಾಹಿದಾ ಕರೆದರೆ, "ನಾ ಬರಂಗಿಲ್ಲ. ನಿಮ್ಮ ಕುಲ್ಸುಮ್‌ಗ ಮತ್ತ ಬ್ಯಾಸರಾದೀತು" ಎಂದಳು. ಅದರ ಮರುದಿನವೂ ಹಾಗೆಯೇ. ಎಲ್ಲ ಮೊದಲಿನಂತಾಗುತ್ತದೆ ಎಂದುಕೊಂಡಿದ್ದ ವಾಹಿದಾಗೆ ಈಗ ಆದೆಮ್ಮನೂ ಇರಲಿಲ್ಲ.

ಆ ಸಂಜೆ ಕುಲ್ಸುಮ್ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಕನ್ನಡದ ಮಾತುಗಳನ್ನು ಉರ್ದು ಅಕ್ಷರದಲ್ಲಿ ಬರೆದುಕೊಳ್ಳುತ್ತಿದ್ದಳು. ಪಾನಿ ಎಂದರೆ ನೀರು. ಸಹೇಲಿ ಎಂದರೆ ಗೆಳತಿ.

"ಜಲನ್‌ಗೆ ಕನ್ನಡದಾಗ ಏನಂತಾರ?" ಎಂದು ತಮ್ಮ ಮನೆಮಾತು ದಖನಿ ಉರ್ದುವಿನಲ್ಲಿ ಕೇಳಿದಳು.

ವಾಹಿದಾ ಬೆಚ್ಚಿ ಅವಳನ್ನು ನೋಡಿದಳು. ಇವಳಿಗೆ ಗೊತ್ತಾಗಿಬಿಟ್ಟಿತೇ?

"ಹೊಟ್ಟಿಕಿಚ್ಚು" ಎಂದಳು ತಲೆ ತಗ್ಗಿಸಿ. "ಹೊಟ್ಟಿ ಅಂದ್ರ ಪೇಟ್. ಕಿಚ್ಚು ಅಂದ್ರ ಆಗ್."

ಕುಲ್ಸುಮ್ ಬರೆದುಕೊಂಡಳು. ಆಮೇಲೆ ಹೊಟ್ಟೆಯ ಮೇಲೆ ಕೈಯಿಟ್ಟು, "ಖರೇ ಅದ. ಇಲ್ಲೇ ಉರಿತದ" ಎಂದಳು.

"ನಿನಗಾ? ಯಾರ ಮ್ಯಾಲ?"

"ನಿನ್ನ ಮ್ಯಾಲ." ಕುಲ್ಸುಮ್ ಪುಸ್ತಕದಿಂದ ಕಣ್ಣೆತ್ತಲಿಲ್ಲ. "ಖಾಲಾ, ನಿಮ್ಮ ಅಮ್ಮಿ, ನಿನ್ನ ತಲಿ ಬಾಚ್ತಾರಲ್ಲ, ಆವಾಗ. ನನಗೂ ಬಾಚ್ತಾರ, ಭೇದ ಮಾಡಂಗಿಲ್ಲ. ಆದ್ರ ಅದು ನಮ್ಮ ಅಮ್ಮಿ ಕೈ ಅಲ್ಲ. ಆದೆಮ್ಮ ಬಾಜೂಕ ಕುಂತ್ರ ಒಂದೀಟು ಮರೀತಿದ್ದೆ. ಆಕಿ ಯಾಕ ಬರವಲ್ಲಳು?"

"ನಾಳಿಗೆ ಕೇಳ್ತೀನಿ" ಎಂದಳು ವಾಹಿದಾ.

ಮರುದಿನ ಬೆಳಿಗ್ಗೆ ಅವಳು ಶಾಲೆಗಿಂತ ಮೊದಲು ಆದೆಮ್ಮನ ಮನೆಗೆ ಹೋದಳು. ಆದೆಮ್ಮ ಎಮ್ಮೆಗೆ ಸೊಪ್ಪೆ ಹಾಕುತ್ತಿದ್ದಳು.

"ಅವತ್ತು ಕುಲ್ಸುಮ್ ಅಂದದ್ದು ನಾ ಪೂರಾ ಹೇಳ್ಲಿಲ್ಲ" ಎಂದಳು ವಾಹಿದಾ. "ಆಕಿಗೆ ಅವರವ್ವ ನೆನಪಾಗಿದ್ರು. ಅದಕ್ಕ ಬ್ಯಾಸರ. ನಿನ್ನ ಸಲುವಾಗಿ ಅಲ್ಲ."

"ಮತ್ತ ನೀ ಯಾಕ ಹಂಗಂದಿ?"

ವಾಹಿದಾ ಎಮ್ಮೆಯ ಕಡೆ ನೋಡಿದಳು. "ನನಗ ಹೊಟ್ಟಿಕಿಚ್ಚಾಗಿತ್ತು."

ಆದೆಮ್ಮ ಕೈಯಲ್ಲಿದ್ದ ಸೊಪ್ಪೆ ಕೆಳಗಿಟ್ಟಳು. "ಆಕಿ ಎರಡು ದಿನ ನನ್ನ ನೋಡಿ ನಕ್ಕಳು. ನಾ ಮಾರಿ ತಿರುವಿದೆ" ಎಂದಳು. ಆಮೇಲೆ, "ಬ್ಯಾಸರಕ್ಕ ನಿಮ್ಮಾಗ ಏನಂತಾರ?" ಎಂದು ಕೇಳಿದಳು.

"ಉದಾಸ್."

ದಾರಿಯುದ್ದಕ್ಕೂ ಆದೆಮ್ಮ ಅದನ್ನೇ ಬಾಯಲ್ಲಿ ಹೇಳಿಕೊಳ್ಳುತ್ತ ನಡೆದಳು. ವಾಹಿದಾಳ ಕೈ ಹಿಡಿಯಲಿಲ್ಲ.

ಕ್ಲಾಸಿನಲ್ಲಿ ವಾಹಿದಾ ಗೋಡೆಯ ಕಡೆ ಸರಿದು ನಡುವೆ ಜಾಗ ಬಿಟ್ಟಳು. ಆದೆಮ್ಮ ಅಲ್ಲಿ ಕೂತು ಕುಲ್ಸುಮ್‌ಳ ಮುಖ ನೋಡಿದಳು.

"ಉದಾಸ್?"

ಕುಲ್ಸುಮ್ ಕಣ್ಣರಳಿಸಿದಳು. ಆಮೇಲೆ ದಖನಿಯಲ್ಲಿ ಒಂದೇ ಸಮನೆ ಹೇಳತೊಡಗಿದಳು. ಅಮ್ಮಿಯ ಆಪರೇಷನ್, ಬಾರದ ಕಾರ್ಡು, ಬೀಗ ಹಾಕಿದ ಮನೆ.

ಆದೆಮ್ಮನಿಗೆ ಅದರಲ್ಲಿ ಏನೂ ತಿಳಿದಿರಲಿಕ್ಕಿಲ್ಲ. ಆದರೂ ತಲೆಯಾಡಿಸುತ್ತ ಕೇಳುತ್ತಿದ್ದಳು.

ವಾಹಿದಾಗೆ ಎಲ್ಲವೂ ತಿಳಿಯುತ್ತಿತ್ತು. ಹೊಟ್ಟೆಯಲ್ಲಿ ಆಗಲೂ ಸ್ವಲ್ಪ ಉರಿ ಇತ್ತು. ಅವಳು ನಡುವೆ ಬಾಯಿ ಹಾಕಲಿಲ್ಲ.