ಹೊಸದಾಗಿ ಬರೆದ ಹಳೇ ಕಾದಂಬರಿ

ಬರೀ ಕಥಾವಸ್ತು ಕದ್ದಿದ್ದರೆ ಶೈಲಜಾ ಕ್ಷಮಿಸಿಬಿಡುತ್ತಿದ್ದಳು. ಪ್ರೇಮಕಾದಂಬರಿ ಬರೆಯುವವರು ಒಬ್ಬರ ಹೊಲದಲ್ಲಿ ಇನ್ನೊಬ್ಬರು ಮೇಯುವುದು ಇದ್ದದ್ದೇ. ಗಂಗಾಂಬಿಕಾ ಮಾತ್ರ ವೀರೇಶನನ್ನೇ ಎತ್ತಿಕೊಂಡು ಹೋಗಿದ್ದಳು.

ವೀರೇಶ ಮೊಳಕಾಲ್ಮೂರಿನ ನೇಕಾರರ ಹುಡುಗ. ಶೈಲಜಾಗೆ ಇಪ್ಪತ್ತು ತುಂಬುವ ಹೊತ್ತಿಗೆ ಚಳ್ಳಕೆರೆಯ ಅವಳ ಮನೆಗೆ ರೇಷ್ಮೆ ಸೀರೆಗಳ ಗಂಟು ಹೊತ್ತು ಬರುತ್ತಿದ್ದ. ಅವಳಿಗೆಂದೇ ನೇಯ್ದ ಸೀರೆಯಲ್ಲಿ, ಸೊಂಟಕ್ಕೆ ಸಿಕ್ಕಿಸುವ ತುದಿಯಲ್ಲಿ, ಯಾರ ಕಣ್ಣಿಗೂ ಬೀಳದ ಕಡೆ ಒಂದೇ ಒಂದು ಹಸಿರು ಎಳೆ ಸೇರಿಸಿರುತ್ತಿದ್ದ. ಅವರ ಪ್ರೇಮ ಅಷ್ಟೇ. ಅವನು ಬೇರೊಬ್ಬಳನ್ನು ಮದುವೆಯಾದ, ಇವಳೂ ಬೇರೊಬ್ಬನನ್ನು ಆದಳು. ಆಮೇಲೆ ಇವಳು ಮೂವತ್ತು ಕಾದಂಬರಿ ಬರೆದರೂ ಆ ಎಳೆಯನ್ನು ಯಾವ ನಾಯಕಿಗೂ ಕೊಡಲಿಲ್ಲ. ಕೊನೆಯ ಪುಸ್ತಕಕ್ಕೆಂದು ಜೋಪಾನವಾಗಿ ಇಟ್ಟುಕೊಂಡಿದ್ದಳು. ಒಂದು ಮಧ್ಯಾಹ್ನ ಎಲೆ ಅಡಿಕೆ ಹಾಕಿಕೊಳ್ಳುತ್ತ ಗಂಗಾಂಬಿಕಾಗೆ ಮಾತ್ರ ಹೇಳಿದ್ದಳು. ತನ್ನನ್ನು ಅಕ್ಕಾ ಎನ್ನುತ್ತಿದ್ದ, ತನ್ನ ಹತ್ತಿರವೇ ಬರೆಯಲು ಕಲಿತ ಹುಡುಗಿಯಲ್ಲವೇ ಎಂಬ ನಂಬಿಕೆ.

ಎರಡು ವರ್ಷಕ್ಕೆ ಗಂಗಾಂಬಿಕಾಳ ‘ಹಸಿರೆಳೆ’ ಬಂತು. ಪ್ರಶಸ್ತಿ ಬಂತು, ಸಿನಿಮಾದವರೂ ಬಂದರು. ಶೈಲಜಾ ಫೋನ್ ಮಾಡಿ ಜಗಳಕ್ಕೆ ನಿಂತಾಗ ಅವಳು ತಣ್ಣಗೆ ಹೇಳಿದಳು: “ಅಕ್ಕಾ, ನೀವು ಕೊಟ್ಟಿದ್ದು ಒಂದು ಎಳೆ. ಸೀರೆ ನೇಯ್ದೋಳು ನಾನಲ್ವಾ?”

ಶೈಲಜಾಗೆ ಮೈಯೆಲ್ಲ ಉರಿದುಹೋಯಿತು. ಬಾಯಲ್ಲಿ ಹೇಳಿದ್ದಕ್ಕೆ ಸಾಕ್ಷಿ ಇಲ್ಲ. ಜನ ನಂಬುವುದು ಅಚ್ಚಾದದ್ದನ್ನು. ಸರಿ, ಅಚ್ಚಾದದ್ದನ್ನೇ ಕೊಡೋಣ ಎಂದುಕೊಂಡಳು. 1996ರಲ್ಲೇ ಪ್ರಕಟವಾಗಿ, ಯಾರೂ ಓದದೆ ಮೂಲೆ ಸೇರಿದ ತನ್ನ ಚೊಚ್ಚಲ ಕಾದಂಬರಿ. ಅಂಥದ್ದು ಇರಲಿಲ್ಲ. ಇನ್ನು ಮುಂದೆ ಇರುತ್ತದೆ.

ಅವಳು ಹೆಸರಿಟ್ಟಿದ್ದು ‘ನೂಲಿನ ಗುಟ್ಟು’. ಕೆಟ್ಟದಾಗಿ ಬರೆಯುವುದೇ ಅದರಲ್ಲಿ ಕಷ್ಟದ ಕೆಲಸ. ಗಂಗಾಂಬಿಕಾಗೆ ತಾನು ಕಲಿಸಿದ್ದ ಒಂದೊಂದು ನಿಯಮವನ್ನೂ ಬೇಕೆಂದೇ ಮುರಿದಳು. ನಾಯಕ ನಾಯಕಿ ಮೊದಲ ಪುಟದಲ್ಲೇ ಡಿಕ್ಕಿ ಹೊಡೆದರು. ನಾಯಕಿ ಅಧ್ಯಾಯಕ್ಕೊಮ್ಮೆ ಅತ್ತಳು. ನೇಕಾರ ಹುಡುಗ ಕಾಲೇಜು ಮೇಷ್ಟ್ರ ಹಾಗೆ ಪ್ರೇಮದ ಬಗ್ಗೆ ಭಾಷಣ ಮಾಡಿದ. ಆ ಎಳಸುತನದ ನಡುವೆ ‘ಹಸಿರೆಳೆ’ಯ ಮುಖ್ಯ ಸನ್ನಿವೇಶಗಳನ್ನೆಲ್ಲ ಹುದುಗಿಸಿದಳು. ಕರೆಂಟು ಹೋದಾಗ ನಾಯಕಿ ಕತ್ತಲಲ್ಲಿ ಬೆರಳಿನಿಂದ ಹಸಿರು ಎಳೆ ಹುಡುಕುವುದು ಅದರಲ್ಲಿತ್ತು. ಅವನ ಮದುವೆಯ ದಿನ ಅದೇ ಸೀರೆ ಉಟ್ಟು ಊಟಕ್ಕೆ ಕೂರುವುದೂ ಇತ್ತು. ಮಾತುಗಳನ್ನು ಮಾತ್ರ ಬೇರೆ ಮಾಡಿದಳು, ಕದ್ದವರು ಮಾತು ಬದಲಿಸುತ್ತಾರಲ್ಲ. ಮೊಬೈಲು ಎಲ್ಲೂ ಸುಳಿಯದಂತೆ ನೋಡಿಕೊಂಡಳು, ಎಸ್‌ಟಿಡಿ ಬೂತು ಸೇರಿಸಿದಳು, ಬೆಲೆಯನ್ನು ಹಳೇ ರೀತಿಯಲ್ಲಿ ‘ರೂ.’ ಎಂದೇ ಹಾಕಿಸಿದಳು.

ಅಚ್ಚಿಗೆ ಮೊಳಕಾಲ್ಮೂರಿನ ಹನುಮಂತರಾಜು ಸಿಕ್ಕರು. ಒಂದು ಕಾಲದಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುತ್ತಿದ್ದವರು. ಅಕ್ಷರದ ಮೊಳೆ ಜೋಡಿಸುವ ಹಳೇ ಪ್ರೆಸ್ಸು ಮನೆಯಲ್ಲಿ ಧೂಳು ತಿನ್ನುತ್ತ ಕೂತಿತ್ತು, ಅಟ್ಟದ ಮೇಲೆ ಹಳೇ ಕಾಗದವೂ ಇತ್ತು.

“ನನ್ನ ಮೊದಲ್ನೇ ಪುಸ್ತಕ ನೀವೇ ಅಚ್ಚು ಹಾಕಿದ್ರಿ, ನೆನಪೈತಾ? ಎಲ್ಲಾ ಗೆದ್ದಲು ತಿಂದ್ವು. ಹಂಗೇ ಇನ್ನೊಂದ್ಸಲ ಹಾಕ್ಕೊಡ್ರಿ, ಇಸವಿನೂ ಹಳೇದೇ ಇರ್ಲಿ” ಎಂದಳು.

ಮುದುಕರು ಕಣ್ಣು ಕಿರಿದು ಮಾಡಿ ಅವಳ ಮುಖ ನೋಡಿದರು. “ನೆನಪಿಲ್ದೆ ಏನಮ್ಮ, ಎಲ್ಲಾ ನೆನಪೈತೆ” ಎಂದರು.

ಮರೆವನ್ನು ಒಪ್ಪಿಕೊಳ್ಳುವ ಜನ ಅವರಲ್ಲ ಎಂಬ ಅವಳ ಲೆಕ್ಕ ತಪ್ಪಲಿಲ್ಲ. ನಾಳೆ ಯಾರಾದರೂ ಕೇಳಿದರೆ ಆಣೆ ಮಾಡಿ ಹೇಳುತ್ತಾರೆ. ಅಚ್ಚಾದ ಪ್ರತಿಗಳು ಗಂಡನ ಎಣ್ಣೆ ಮಿಲ್ಲಿನ ಗೋದಾಮಿನಲ್ಲಿ, ಶೇಂಗಾ ಚೀಲಗಳ ಸಂದಿಯಲ್ಲಿ ಒಂದು ಬೇಸಿಗೆ ಕಳೆದವು. ಹೊರಗೆ ತೆಗೆದಾಗ ಅಂಚು ಕಂದಿ, ಹುಳ ಹಿಡಿದು, ಅವಳಿಗೇ ಒಂದು ಗಳಿಗೆ ಹಳೇ ಪುಸ್ತಕವೆನಿಸಿತು.

ಬಿ.ಜಿ. ಕೆರೆಯ ವಾಚನಾಲಯದ ಸಮಾರಂಭಕ್ಕೆ ಅತಿಥಿಯಾಗಿ ಹೋದವಳು ಒಂದು ಪ್ರತಿಯನ್ನು ಬೀರುವಿನ ಹಿಂದಿನ ಸಾಲಿಗೆ ತಳ್ಳಿ ಬಂದಳು. ಹಳೇ ಜನಪ್ರಿಯ ಕಾದಂಬರಿಗಳ ಮೇಲೆ ಸಂಶೋಧನೆ ಮಾಡುತ್ತಿದ್ದ ಉಪನ್ಯಾಸಕ ರವಿಕಿರಣನಿಗೆ, ಅಲ್ಲಿ ಪುಸ್ತಕಗಳ ರಾಶಿಯೇ ಇದೆಯಂತೆ ಎಂದು ಸುಮ್ಮನೆ ಕಿವಿಗೆ ಹಾಕಿದಳು. ಅವನು ತಿಂಗಳೊಳಗೆ ಆ ಪುಸ್ತಕ ಹಿಡಿದು ಏದುಸಿರು ಬಿಡುತ್ತ ಅವಳ ಮನೆಗೆ ಬಂದ.

“ಅಯ್ಯೋ, ಇದಿನ್ನೂ ಐತಾ?” ಎಂದು ಬಾಯಿಗೆ ಸೆರಗು ಹಿಡಿದಳು. “ಮನೆಯವ್ರ ಭಯಕ್ಕೆ ಬಚ್ಚಿಟ್ಟಿದ್ದೆ. ಬಿಡ್ರಿ ಸರ್, ಪಾಪ ಗಂಗಾಂಬಿಕಾ ಹೆಸರು ಕೆಡೋದು ಬ್ಯಾಡ.”

ಹಾಗೆಂದರೆ ಯಾರು ಬಿಡುತ್ತಾರೆ? ರವಿಕಿರಣ ಮುಖಪುಟವನ್ನೂ ಆ ಸನ್ನಿವೇಶಗಳ ಪುಟಗಳನ್ನೂ ಫೇಸ್‌ಬುಕ್ಕಿಗೆ ಹಾಕಿದ. ಜನ ಗಂಗಾಂಬಿಕಾಳ ಜನ್ಮ ಜಾಲಾಡಿದರು. ಸಿನಿಮಾದವರು ಫೋನ್ ಎತ್ತುವುದನ್ನು ನಿಲ್ಲಿಸಿದರು. ಶೈಲಜಾ ಬೈಗುಳಗಳನ್ನು ಒಂದೊಂದಾಗಿ, ಹಬ್ಬದೂಟ ಮಾಡುವವಳ ಹಾಗೆ ನಿಧಾನವಾಗಿ ಓದಿದಳು. ಇಷ್ಟು ಸುಖ ಅವಳಿಗೆ ಯಾವ ಪ್ರೇಮದಿಂದಲೂ ಸಿಕ್ಕಿರಲಿಲ್ಲ.

ಉಳಿದಿದ್ದು ಒಂದೇ, ಗಂಗಾಂಬಿಕಾ ಎಲ್ಲರೆದುರು ಅಳುವುದನ್ನು ನೋಡುವುದು. ಮೊಳಕಾಲ್ಮೂರಿನಲ್ಲಿ ಓದುಗರ ಸಂವಾದ ಏರ್ಪಾಡಾಯಿತು. ವೀರೇಶ ನೇಯ್ದ ಸೀರೆಯನ್ನೇ ಉಟ್ಟು ಶೈಲಜಾ ಮುಂದಿನ ಸಾಲಿನಲ್ಲಿ ಕೂತಳು. ರವಿಕಿರಣ ವೇದಿಕೆಯ ಮೇಲೆ ‘ನೂಲಿನ ಗುಟ್ಟು’ ಪುಸ್ತಕವನ್ನು ಗಂಗಾಂಬಿಕಾಳ ಕೈಗಿತ್ತು, “ಇದಕ್ಕೇನಂತೀರಿ ಮೇಡಂ?” ಎಂದ. ಅವಳು ಪುಸ್ತಕವನ್ನು ಕಣ್ಣಾರೆ ನೋಡಿದ್ದು ಅದೇ ಮೊದಲು.

ರವಿಕಿರಣ ಗುರುತು ಹಾಕಿದ್ದ ಪುಟಗಳಿಗೆ ಗಂಗಾಂಬಿಕಾ ಹೋಗಲಿಲ್ಲ. ಬರೆಯುವವರು ಇನ್ನೊಬ್ಬರ ಪುಸ್ತಕ ಕೈಗೆ ಬಂದಾಗ ಮಾಡುವಂತೆ ಮೊದಲು ಅರ್ಪಣೆಯ ಪುಟ ತೆರೆದಳು, ಅಲ್ಲೇ ನಿಂತಳು. ಶೈಲಜಾ ಎಲ್ಲ ಮುಗಿದ ಮೇಲೆ, ಚೊಚ್ಚಲ ಕಾದಂಬರಿಗೆ ಒಂದು ಅರ್ಪಣೆ ಇರಲಿ ಎಂದು ನಿರಾಳವಾಗಿ ಕೂತು ಬರೆದ ಒಂದೇ ಸಾಲು ಅದು. ಎಷ್ಟೋ ವರ್ಷಗಳಿಂದ ಪೂಜೆಯ ಆಹ್ವಾನಕ್ಕೆ, ಮಕ್ಕಳ ಲಗ್ನಪತ್ರಿಕೆಗೆ ಅಪ್ಪನ ಹೆಸರು ಬರೆದು ಬರೆದು ಪಳಗಿದ ಕೈ ಅದನ್ನು ತಾನೇ ಬರೆದಿತ್ತು: ‘ನನ್ನ ತಂದೆ ಲಿಂ. ಮುರುಗೇಂದ್ರಪ್ಪನವರಿಗೆ.’ ಗಂಗಾಂಬಿಕಾ ಅದನ್ನು ಗಟ್ಟಿಯಾಗಿ ಓದಿ, ಮೈಕಿನತ್ತ ಬಾಗಿ ಮೆಲ್ಲಗೆ ಕೇಳಿದಳು: “ಅಕ್ಕಾ, ಈ ಪುಸ್ತಕದ ಪ್ರಕಾರ ತೊಂಬತ್ತಾರಕ್ಕೇ ನಿಮ್ಮ ಅಪ್ಪಾಜಿ ಲಿಂಗೈಕ್ಯರಾಗಿದ್ರು. ಹಂಗಾದ್ರೆ ಎರಡು ಸಾವಿರದ ಮೂರರಲ್ಲಿ, ನನ್ನ ಮದುವೇಲಿ ನಿಮ್ಮ ಪಕ್ಕ ನಿಂತು ಅಕ್ಷತೆ ಹಾಕಿದ್ದು ಯಾರು?”