ಕೆಳಗಿನ ಚಿಲಕ

ಮೊದಲು ಸರ್ರೆಂದು ಕಬ್ಬಿಣ ಉಜ್ಜಿದ ಸದ್ದು. ಆಮೇಲೆ, ಒಂದು ಉಸಿರಿನಷ್ಟು ಬಿಟ್ಟು, ಟಕ್.

ಗುಬ್ಬಿಗೆ ಎಚ್ಚರವಾಯಿತು. ಅವಳಿಗೆ ಎಚ್ಚರವಾಗಲು ಅಷ್ಟೂ ಬೇಕಿರಲಿಲ್ಲ. ಪಕ್ಕದ ಕೋಣೆಯಲ್ಲಿ ದೊಡ್ಡಮ್ಮ ಮಗ್ಗುಲು ಬದಲಿಸಿದರೂ ಎದ್ದು ಕೂರುವ ಜೀವ ಅದು. ದೊಡ್ಡಮ್ಮ ಇಟ್ಟ ಅಡ್ಡಹೆಸರು ಸುಮ್ಮನೆ ಅಂಟಿಕೊಂಡದ್ದಲ್ಲ. ಎದುರುಮನೆಯ ಚಿಲಕ, ಅಷ್ಟೇ, ಎಂದುಕೊಂಡಳು. ಎಲ್ಲರೂ ಒಳಗಿದ್ದಾರೆ, ಬಾಗಿಲು ಭದ್ರವಾಗಿದೆ ಎಂದು ಹೇಳುವ ಸದ್ದು. ಹೊದಿಕೆ ಎಳೆದುಕೊಂಡು ಮಲಗಿದಳು.

ಬೆಳಗಿನ ಜಾವ ಪೇಪರ್ ಹಾಕುವವನು ಕೂಗಿಕೊಂಡ. ಕಟ್ಟಡದವರೆಲ್ಲ 'ಅಮ್ಮ' ಎಂದೇ ಕರೆಯುತ್ತಿದ್ದ ಎದುರುಮನೆಯ ಹಿರಿಯಾಕೆ ಟೆರೇಸಿಗೆ ಹೋಗುವ ಮೆಟ್ಟಿಲ ತಿರುವಿನಲ್ಲಿ ಹಳೆಯ ಶಾಲೊಂದನ್ನು ಹೊದ್ದು ಗೋಡೆಗೆ ಒರಗಿ ಕುಳಿತಿದ್ದರು. ಮೈ ತಣ್ಣಗಾಗಿತ್ತು. ಒಂದು ಕಾಲಿಗೆ ಚಪ್ಪಲಿ ಇತ್ತು, ಇನ್ನೊಂದು ಬರಿಗಾಲು. ಹೃದಯ ಮೊದಲೇ ಸೋತಿತ್ತು, ಚಳಿ ಸೇರಿಕೊಂಡಿತು ಎಂದರು ಡಾಕ್ಟರು. ಅಲ್ಲಿಗೆ ಮುಗಿಯಬಹುದಿತ್ತು. ಆದರೆ ಅವರ ಮನೆಯ ಬಾಗಿಲಿಗೆ ಒಳಗಿನಿಂದ ಚಿಲಕ ಬಿದ್ದಿತ್ತು.

ಯಾರೋ ಅವರನ್ನು ಹೊರಗೆ ಬಿಟ್ಟು ಚಿಲಕ ಹಾಕಿಕೊಂಡು ಮಲಗಿದ್ದರು.

ವಾರ ಕಳೆಯುವಷ್ಟರಲ್ಲಿ ಆ ಮನೆಯ ಸೊಸೆ ಬಂದು ದೊಡ್ಡಮ್ಮನ ಎದುರು ಕುಳಿತಳು. ದೊಡ್ಡಮ್ಮ ಕಾಲೇಜಿನ ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ ತಲೆ ನರೆಸಿಕೊಂಡು ನಿವೃತ್ತಿಯಾದವರು. ಕಟ್ಟಡದಲ್ಲಿ ಉಂಗುರ ಕಳೆದರೂ, ನೀರಿನ ಟ್ಯಾಂಕಿನ ವಾಲ್ವ್ ಯಾರೋ ತಿರುಗಿಸಿದರೂ ಜನ ಅವರ ಬಾಗಿಲು ತಟ್ಟುತ್ತಿದ್ದರು. ಮುದ್ರಣಾಲಯಕ್ಕೆ ಕರಡು ತಿದ್ದಿಕೊಡುವ ಗುಬ್ಬಿ, ಅವರ ತಂಗಿಯ ಮಗಳು, ಬಾಲದಂತೆ ಹಿಂದೆ ಹೋಗುತ್ತಿದ್ದಳು.

"ಊರವರ ಕಳ್ಳತನ ಎಲ್ಲ ಪತ್ತೆ ಮಾಡ್ತೀರಿ. ನನ್ನ ತಲೆ ಮೇಲೆ ಬಂದಿರೋ ಇದನ್ನೂ ಒಂದಿಷ್ಟು ನೋಡಿ," ಎಂದಳು ಸೊಸೆ. "ಅವತ್ತು ರಾತ್ರಿ ಅತ್ತೆ ಜೊತೆ ಜಗಳ ಆಗಿತ್ತು. ಮಗೂಗೆ ನೆಗಡಿ ಇರುವಾಗ ತಲೆಗೆ ಸ್ನಾನ ಯಾಕೆ ಮಾಡಿಸ್ದೆ ಅಂತ ಕೇಳಿದ್ರು. ನನ್ನ ಮಗು, ನಂಗೊತ್ತು ಅಂದುಬಿಟ್ಟೆ. ಅದೇ ಕೊನೇ ಮಾತು."

"ಚಿಲಕ?"

"ಬಾಗಿಲ ಹತ್ರಾನೇ ಹೋಗಿಲ್ಲ. ದಿನಾ ಅತ್ತೇನೇ ಹಾಕೋದು. ಆದ್ರೆ ಅತ್ತಿಗೆ, ನಮ್ಮ ಯಜಮಾನ್ರ ಅಕ್ಕ, ನಂಬಲ್ಲ. ಭಾನುವಾರ ಅತ್ತೆ ನೆನಪಿಗೆ ಅಂತ ಎಲ್ರೂ ಸೇರ್ತಾರಲ್ಲ, ಅವತ್ತು ಎಲ್ಲರ ಮುಂದೆ ಕೇಳ್ತಾರಂತೆ. ಆಮೇಲೆ ನಾನು ತವರಿಗೆ, ಮಗು ಇಲ್ಲೇ."

"ನಿನ್ನ ಗಂಡ ಏನಂತಾನೆ?"

"ಏನೂ ಅನ್ನಲ್ಲ ದೊಡ್ಡಮ್ಮ. ಅಂದಿದ್ರೆ ನಾನ್ಯಾಕೆ ಇಲ್ಲಿಗೆ ಬರ್ತಿದ್ದೆ?"

ಮರುದಿನ ಇಬ್ಬರೂ ಎದುರುಮನೆಗೆ ಹೋದರು. ದೊಡ್ಡಮ್ಮ ಕರೆಗಂಟೆ ಒತ್ತಿದರು, ಸದ್ದಿಲ್ಲ. ಗುಬ್ಬಿ ಬಾಗಿಲು ತಟ್ಟಿದಳು. ಅವಸರದಲ್ಲಿ ಚಪ್ಪಲಿಯನ್ನು ಒಂದು ಅತ್ತ ಒಂದು ಇತ್ತ ಬಿಟ್ಟು ಒಳಗೆ ನಡೆದಳು.

"ಗಂಟೆ ತಂತಿ ಅಮ್ಮಾನೇ ಬಿಡಿಸಿಟ್ರು," ಎಂದ ಬಾಗಿಲು ತೆರೆದ ಮಗ. ಬಸ್ ಡಿಪೊದಲ್ಲಿ ಇಂಜಿನ್ ಬಿಚ್ಚಿ ಜೋಡಿಸುವ ಕೆಲಸ ಅವನದು. ಕೆಲಸ ಕೈಗೆ ಬಂದಷ್ಟು ಸುಲಭವಾಗಿ ಮಾತು ಬಾಯಿಗೆ ಬರುತ್ತಿರಲಿಲ್ಲ. "ಗಂಟೆ ಆದ್ರೆ ಅಪ್ಪ ಹೆದರ್ತಾರೆ. ರಾತ್ರಿ ಎಚ್ಚರ ಆದ್ರಂತೂ ಅಮ್ಮನ್ನೇ ಯಾರು ನೀನು, ಮನೆಯೊಳಗೆ ಹೇಗೆ ಬಂದೆ ಅಂತ ಕೂಗಾಡ್ತಿದ್ರು."

ಕಿಟಕಿಯ ಬಳಿ ಅವನ ಅಪ್ಪ, ಕಟ್ಟಡದವರ ಪಾಲಿನ ಗಡಿಯಾರದ ತಾತ, ಕುಳಿತಿದ್ದರು. ಮುಂದಿನ ಮೇಜಿನ ಮೇಲೆ ಸತ್ತ ವಾಚುಗಳು, ಚಿಮುಟ, ಸೂಜಿಮೂತಿಯ ಪುಟ್ಟ ಎಣ್ಣೆಡಬ್ಬಿ. ಅಂಗಡಿ ಮುಚ್ಚಿ ಎಷ್ಟೋ ವರ್ಷವಾಗಿದ್ದರೂ ತಾತನ ಪಾಲಿಗೆ ಅದಿನ್ನೂ ತೆರೆದೇ ಇತ್ತು.

"ರಿಪೇರಿಗಾ? ನಾಳೆ ಬನ್ನಿ," ಎಂದರು ತಾತ. "ಕೂತ್ಕೊಳ್ಳಿ, ನಮ್ಮವಳು ಟೀ ತರ್ತಾಳೆ."

ದೊಡ್ಡಮ್ಮ ಬಾಗಿಲಿನತ್ತ ತಿರುಗಿದರು. ಅದಕ್ಕೆ ಎರಡು ಚಿಲಕ. ಮೇಲಿನದು ಹೊಳೆಯುವ ಹೊಸದು. ಕೆಳಗಿನದು ನೆಲದ ತೂತಿಗೆ ಇಳಿಯುವ ಹಳೆಯ ಚಿಲಕ. ಇಳಿಸಿದ ಮೇಲೆ ಹಿಡಿಯನ್ನು ಪಕ್ಕಕ್ಕೆ ತಿರುಗಿಸಿದರೆ ಕಚ್ಚಿಕೊಳ್ಳುತ್ತದೆ.

"ಹೋದ ವರ್ಷ ಅಪ್ಪ ರಾತ್ರಿ ಎದ್ದು ಬಸ್ ಸ್ಟಾಪಿನವರೆಗೂ ಹೋಗಿಬಿಟ್ಟಿದ್ರು. ಆಗ ಮೇಲಿನದು ಹಾಕಿದೆ. ಅವರು ತಲೆಯೆತ್ತಿ ನೋಡೋದೇ ಇಲ್ಲ, ಅಲ್ಲೊಂದು ಚಿಲಕ ಇದೆ ಅಂತ್ಲೂ ಗೊತ್ತಿಲ್ಲ. ಈಗ ಎಲ್ರೂ ಮೇಲಿನದನ್ನೇ ಹಾಕೋದು."

"ಅವತ್ತು ಬೆಳಗ್ಗೆ ಯಾವುದು ಬಿದ್ದಿತ್ತು?"

ಮಗ ತಡವರಿಸಿದ. "ಕೆಳಗಿನದು. ನಂಗೂ ಆಶ್ಚರ್ಯ ಆಯ್ತು. ಹಿಡಿ ತಿರುಗಿಸಿ ಎತ್ತಿದೆ."

"ಅಮ್ಮನ ಇನ್ನೊಂದು ಚಪ್ಪಲಿ?"

"ಒಳಗೆ, ಸ್ಟ್ಯಾಂಡ್ ಮೇಲೆ."

"ಹೇಗಿತ್ತು?"

"ಹೇಗೆ ಅಂದ್ರೆ? ಚಪ್ಪಲಿ ಥರಾನೇ ಇತ್ತು."

"ತುದಿ ಗೋಡೆ ಕಡೆಗಾ, ಬಾಗಿಲ ಕಡೆಗಾ?"

"ಬಾಗಿಲ ಕಡೆ."

"ಅಪ್ಪ ರಾತ್ರಿ ಏಳ್ತಾರಾ?"

ಒಳಗಿನಿಂದ ಬಂದ ಮಗಳು, ಶಾಲೆಯ ಟೀಚರು, ತಮ್ಮನಿಗಿಂತ ಮೊದಲೇ ಉತ್ತರ ಕೊಟ್ಟಳು. "ಈಗ ನಿದ್ದೆ ಮಾತ್ರೆ ಕೊಟ್ಟ ಮೇಲೆ ಏಳಲ್ಲ. ನೀವು ಏಳೋರನ್ನ ಬಿಟ್ಟು ಮಲಗಿರೋರ ವಿಷಯ ಕೇಳ್ತಿದ್ದೀರಿ." ಹೇಳುತ್ತ ಅಡುಗೆಮನೆಯ ಕಡೆ ನೋಡಿದಳು. ಅಲ್ಲಿ ಸೊಸೆ ಮಗುವಿಗೆ ಊಟ ಮಾಡಿಸುತ್ತಿದ್ದಳು.

ದೊಡ್ಡಮ್ಮ ಬರಿಗಾಲಲ್ಲೇ ಗುಬ್ಬಿ, ಮಗ, ಮಗಳ ಜೊತೆ ಮೆಟ್ಟಿಲ ತಿರುವಿಗೂ ಹೋಗಿ ಬಂದರು. ನೀರಿನ ಪೈಪಿನ ಹಿಂದೆ ಕೈಹಾಕಿ ಒಂದು ಚೀಲ ಎಳೆದರು. ಒಳಗೆ ಶಾಲಿನ ಉದುರಿದ ಎಳೆಗಳು, ಪೆಪ್ಪರ್‌ಮಿಂಟಿನ ಖಾಲಿ ಕಾಗದಗಳು. ಆಸ್ಪತ್ರೆಯವರು ಕೊಟ್ಟ ಸಾಮಾನಿನಲ್ಲಿ ಸ್ವೆಟರಿನ ಜೇಬಿನಿಂದ ಬಂದದ್ದು ಎಂದು ಅಂಗೈಯಗಲದ ರೇಡಿಯೋ, ಅದಕ್ಕೆ ಸುತ್ತಿದ ಇಯರ್‌ಫೋನ್ ಇದ್ದವು.

"ಅಮ್ಮ ರೇಡಿಯೋ ಕೇಳ್ತಿದ್ರಾ?" ಎಂದಳು ಮಗಳು. ಮಗನಿಗೂ ಗೊತ್ತಿರಲಿಲ್ಲ.

ಹೊರಡುವಾಗ ಗುಬ್ಬಿ ತನ್ನ ಚಪ್ಪಲಿ ಹುಡುಕಿದಳು. ಎರಡೂ ಜೋಡಿಯಾಗಿ, ದೊಡ್ಡಮ್ಮನ ಜೋಡಿಯ ಪಕ್ಕದಲ್ಲಿ, ತುದಿ ಹೊರಗೆ ಮಾಡಿಕೊಂಡು ಕಾಲು ತೂರಿಸಲು ಸಿದ್ಧವಾಗಿ ನಿಂತಿದ್ದವು. ಸೊಸೆ ಅಡುಗೆಮನೆಯಲ್ಲಿದ್ದಳು; ಮಗ, ಮಗಳು ಇಬ್ಬರೂ ಮೆಟ್ಟಿಲ ತಿರುವಿನಿಂದ ಈಗಷ್ಟೇ ಇವರ ಜೊತೆ ಇಳಿದಿದ್ದರು. ತಾತ ಮೇಜಿನ ಹಿಂದೆ ಮತ್ತೆ ಕೂರುತ್ತಿದ್ದರು. ದೊಡ್ಡಮ್ಮ ಆ ಚಪ್ಪಲಿಗಳನ್ನು ಬಹಳ ಹೊತ್ತು ನೋಡುತ್ತ ನಿಂತರು. ಪತ್ತೆಯಾದಾಗ ಅವರ ಮುಖ ಅರಳುತ್ತಿತ್ತು. ಅಂದು ಅರಳಲಿಲ್ಲ.

ಮನೆಗೆ ಬಂದ ಮೇಲೆ ಕೇಳಿದರು. "ಗುಬ್ಬಿ, ಅವತ್ತು ಕೇಳಿದ ಸದ್ದು ಇನ್ನೊಂದ್ಸಲ ಹೇಳು."

"ಸರ್ರ್ ಅಂತ. ಆಮೇಲೆ ಟಕ್."

"ಬೇರೆ ಯಾರಿಗಾದ್ರೂ ಹೇಳಿದ್ಯಾ?"

"ಇಲ್ಲ."

"ಸರಿ ಬಿಡು," ಎಂದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಭಾನುವಾರ ದೊಡ್ಡಮ್ಮ ಎಲ್ಲರಿಗಿಂತ ಮೊದಲೇ, ತಮ್ಮ ಮನೆಯ ಕುರ್ಚಿಗಳನ್ನು ಜೋಡಿಸಿಕೊಡುತ್ತೇನೆಂದು ಎದುರುಮನೆಗೆ ಹೋದರು. ಗುಬ್ಬಿ ಹೋಗುವ ಹೊತ್ತಿಗೆ ನಡುಮನೆಯಲ್ಲಿ ಜನ ತುಂಬಿದ್ದರು. ಅಮ್ಮನ ಫೋಟೋ ಮುಂದೆ ಒಬ್ಬೊಬ್ಬರೂ ಎದ್ದು ಮಾತಾಡಿದರು. ಎಲ್ಲರಿಗೂ ಬಡಿಸಿ ತಾನು ಕೊನೆಗೆ ಉಂಡವಳು. ಮಗನ ರಾತ್ರಿ ಪಾಳಿ ಮುಗಿಯುವವರೆಗೂ ಕಣ್ಣು ಮುಚ್ಚದವಳು. ಗಂಡನಿಗೆ ತನ್ನ ಹೆಸರೇ ಮರೆತುಹೋದ ಮೇಲೂ ದಿನಾ ಗಡ್ಡ ಹೆರೆದು, ತಲೆ ಬಾಚಿ ಕೂರಿಸಿದವಳು. "ಅಮ್ಮ ತನಗೇಂತ ಏನೂ ಇಟ್ಕೊಳ್ಳಲಿಲ್ಲ," ಎಂದಳು ಮಗಳು. ಆಮೇಲೆ ಸೊಸೆಯ ಕಡೆ ತಿರುಗಿದಳು. "ಅಂಥೋಳನ್ನ ಚಳಿಯಲ್ಲಿ ಹೊರಗೆ ಹಾಕಿ—"

"ಒಂದ್ನಿಮಿಷ," ಎಂದು ದೊಡ್ಡಮ್ಮ ಎದ್ದರು. "ಒಂದನ್ನ ಇಟ್ಕೊಂಡಿದ್ರು. ಎಲ್ರೂ ಮಲಗಿದ ಮೇಲೆ ಮೆಟ್ಟಿಲ ತಿರುವಿನಲ್ಲಿ ಕೂತು, ಶಾಲು ಹೊದ್ದು, ಒಂದು ಪೆಪ್ಪರ್‌ಮಿಂಟ್ ಬಾಯಿಗೆ ಹಾಕ್ಕೊಂಡು ರೇಡಿಯೋ ಕೇಳ್ತಿದ್ರು. ಮನೇಲಿ ಹಾಕಿದ್ರೆ ಅಪರಿಚಿತರ ದನಿ ಅಂತ ಯಜಮಾನರು ಗಾಬರಿ ಬೀಳ್ತಾರಲ್ಲ."

ದೊಡ್ಡಮ್ಮ ಬಾಗಿಲ ಬಳಿಗೆ ನಡೆದರು.

"ಮೇಲಿನ ಚಿಲಕ ತೆಗೆದು, ಬಾಗಿಲು ಮುಚ್ಚಿಕೊಳ್ಳದ ಹಾಗೆ ಒಂದು ಚಪ್ಪಲಿಯನ್ನ ಸಂದಿಗೆ ಇಟ್ಟು ಹೋಗೋರು. ಅದಕ್ಕೇ ಒಂದು ಕಾಲು ಬರಿಗಾಲು. ಅವತ್ತು ಟೆರೇಸ್ ಕಡೆಯಿಂದ ಗಾಳಿ ಜೋರಿತ್ತು. ಬಾಗಿಲು ಚಪ್ಪಲಿಯನ್ನ ಒಳಗೆ ದೂಡಿ ಬಡ್ಕೊಳ್ತು. ಬೆಳಗಿನ ಗಲಾಟೇಲಿ ಯಾರೋ ಆ ಚಪ್ಪಲಿ ಎತ್ತಿ ಸ್ಟ್ಯಾಂಡಿಗೆ ಇಟ್ಟಿದೀರಿ. ಕಿವಿಯಲ್ಲಿ ಇಯರ್‌ಫೋನ್, ಅಮ್ಮನಿಗೆ ಕೇಳಿಸಲಿಲ್ಲ."

"ಚಿಲಕ ಯಾರು ಹಾಕಿದ್ದು ಹಾಗಾದ್ರೆ?" ಎಂದಳು ಮಗಳು.

"ಮನೆಯವರು ಹಾಕಿದ್ರೆ ಮೇಲಿನದು ಹಾಕ್ತಿದ್ರು. ಬಿದ್ದಿದ್ದು ಯಾರೂ ಮುಟ್ಟದ ಕೆಳಗಿನದು. ಸವೆದುಹೋಗಿರೋ ಚಿಲಕ. ನೋಡಿ."

ದೊಡ್ಡಮ್ಮ ಬಾಗಿಲನ್ನು ಬೀಸಿ ಮುಚ್ಚಿದರು. ಹಳೆಯ ಚಿಲಕ ಗಡಗಡ ನಡುಗಿ, ತಾನಾಗಿಯೇ ಧಡ್ಡನೆ ನೆಲದ ತೂತಿಗೆ ಬಿತ್ತು.

ಕುಳಿತವರೆಲ್ಲ ಉಸಿರೆಳೆದುಕೊಂಡರು. ಕಿಟಕಿಯ ಬಳಿಯಿಂದ ತಾತ ತಲೆಯೆತ್ತಿದರು.

"ಹಾಗಲ್ಲಮ್ಮ," ಎಂದರು, ಅಂಗಡಿಗೆ ಬಂದ ಗಿರಾಕಿಗೆ ಹೇಳುವಂತೆ. "ಹಿಡಿ ತಿರುಗಿಸ್ಬೇಕು. ತಿರುಗಿಸದಿದ್ರೆ ನಿಲ್ಲಲ್ಲ."

"ಆಯ್ತು ಮಾವ, ತಿರುಗಿಸ್ತಾರೆ," ಎಂದಳು ಸೊಸೆ ಮೆತ್ತಗೆ. ಯಾರೋ ಕನಿಕರದಿಂದ ನಕ್ಕರು.

ಮಗ ಮಾತ್ರ ನಗಲಿಲ್ಲ. ಅವನ ಬಲಗೈ ಗಾಳಿಯಲ್ಲಿ ಏನನ್ನೋ ಹಿಡಿದು ಪಕ್ಕಕ್ಕೆ ತಿರುಗಿಸಿತು, ಆ ಬೆಳಗ್ಗೆ ತಿರುಗಿಸಿದಂತೆ. ಬಾಯಿ ತೆರೆದ. ಅಪ್ಪನನ್ನು ನೋಡಿದ. ಕೈಯನ್ನು ಜೇಬಿಗೆ ಹಾಕಿಕೊಂಡು, "ನಾಳೆನೇ ಅದನ್ನ ಕಿತ್ತು ಬಿಸಾಕ್ತೀನಿ," ಎಂದ.

ಮಗಳು ಕುರ್ಚಿಯಲ್ಲಿ ಕುಸಿದಳು. "ತಟ್ಟಬಹುದಿತ್ತಲ್ಲ... ಒಂದು ಸಲ ತಟ್ಟಿದ್ರೆ ಸಾಕಿತ್ತು."

"ತಟ್ಟಿದ್ರೆ ಅಪ್ಪನಿಗೆ, ಮಗೂಗೆ ಎಚ್ಚರ ಆಗುತ್ತೆ ಅಂತ ಸುಮ್ಮನಾಗಿರ್ತಾರೆ. ಬೆಳಗಾದ್ರೆ ಯಾರಾದ್ರೂ ತೆಗೀತಾರೆ ಅಂತ ಹೋಗಿ ಕೂತಿರ್ತಾರೆ. ಇಷ್ಟು ವರ್ಷ ಮಾಡಿದ್ದನ್ನೇ ಅವತ್ತೂ ಮಾಡಿದ್ರು."

ಮಗಳು ಅತ್ತಳು. ಅಳುತ್ತಲೇ ಕೈಚಾಚಿ ಸೊಸೆಯ ಕೈ ಹಿಡಿದುಕೊಂಡಳು. ಸೊಸೆ ಬಿಡಿಸಿಕೊಳ್ಳಲಿಲ್ಲ.

ಮನೆಗೆ ಬಂದ ಮೇಲೆ ದೊಡ್ಡಮ್ಮ ಸೋಪು ಹಚ್ಚಿ ಕೈ ತೊಳೆಯುತ್ತಿದ್ದರು. ಪಕ್ಕದಲ್ಲಿ ನಿಂತ ಗುಬ್ಬಿಯ ಮೂಗಿಗೆ ವಾಚಿನ ಎಣ್ಣೆಯ ವಾಸನೆ ಬಂತು.

"ತಾತನ ಮೇಜಿನ ಎಣ್ಣೆಡಬ್ಬಿ," ಎಂದಳು. "ಕುರ್ಚಿ ನೆಪದಲ್ಲಿ ಮೊದಲೇ ಹೋಗಿ ಆ ಚಿಲಕಕ್ಕೆ ಎಣ್ಣೆ ಬಿಟ್ರಿ, ಸ್ಕ್ರೂನೂ ಸಡಿಲ ಮಾಡಿದ್ರಿ. ಅವತ್ತು ಧಡ್ ಅನ್ನಲಿಲ್ಲ ದೊಡ್ಡಮ್ಮ. ನಿಧಾನವಾಗಿ ಇಳೀತು. ಆಮೇಲೆ ಯಾರೋ ತಿರುಗಿಸಿದ್ರು."

ದೊಡ್ಡಮ್ಮ ಕೈ ಒರೆಸಿಕೊಂಡರು. "ಕೆಳಗಿನ ಚಿಲಕ ಹಾಕೋದು ಮೇಲಿನದು ಬಂದಿದ್ದೇ ಗೊತ್ತಿಲ್ಲದೋರು. ದಾರೀಲಿ ಬಿದ್ದಿದ್ದ ಚಪ್ಪಲಿಯನ್ನ ತುದಿ ಬಾಗಿಲಿಗೆ ಮಾಡಿ ಇಡೋದು, ನಮ್ಮ ಚಪ್ಪಲಿ ಜೋಡಿಸಿಟ್ಟೋರು. ಮಾತ್ರೆ ಒಂದು ರಾತ್ರಿ ಕೈ ಕೊಟ್ಟಿರುತ್ತೆ. ಎದ್ದಿದಾರೆ, ಬಾಗಿಲು ತೆರೆದಿರೋದು ನೋಡಿದಾರೆ. ಹೆಂಡತಿ ಮಕ್ಕಳು ಮಲಗಿರೋ ಮನೆ ಅಂತ, ಮದುವೆಯಾದಾಗಿನಿಂದ ಮಾಡ್ತಿದ್ದ ಹಾಗೆ ಭದ್ರ ಮಾಡಿ ಮಲಗಿದಾರೆ."

"ಅಮ್ಮ ತಟ್ಟಿದ್ರೆ?"

"ಬಾಗಿಲಿಗೆ ಅವರೇ ಬರೋರು. ಯಾರು ನೀನು ಅನ್ನೋರು. ಅದು ಆಕೆಗೂ ಗೊತ್ತಿತ್ತು." ದೊಡ್ಡಮ್ಮ ಸ್ಟೂಲಿನ ಮೇಲೆ ಕುಳಿತರು. "ಯಾರನ್ನ ಹಿಡಿದುಕೊಡ್ಲಿ ಗುಬ್ಬಿ? ಹೇಳಿದ್ರೆ ಮಕ್ಕಳು ಅಪ್ಪನ ಮುಖ ಹೇಗೆ ನೋಡ್ತಾರೆ? ಹೇಳದೇ ಇದ್ರೆ ಸೊಸೆ ಹೋಗ್ತಾಳೆ. ನಂಗೆ ಬೇರೆ ದಾರಿ ಹೊಳೀಲಿಲ್ಲ." ಅವರ ದನಿಯಲ್ಲಿ ಅಂಥ ಸೋಲನ್ನು ಗುಬ್ಬಿ ಎಂದೂ ಕೇಳಿರಲಿಲ್ಲ.

ಸಂಜೆ ಕುರ್ಚಿಗಳನ್ನು ತರಲು ಗುಬ್ಬಿ ಎದುರುಮನೆಗೆ ಹೋದಳು. ಸೊಸೆ ಉಳಿದ ಕುರ್ಚಿ ತರಲು ಒಳಗೆ ಹೋಗಿದ್ದಳು. ತಾತ ಬಾಗಿಲ ಬಳಿ ಮೊಣಕಾಲೂರಿ ಚಪ್ಪಲಿ ಜೋಡಿಸುತ್ತಿದ್ದರು. ಸಾಲಿನ ಕೊನೆಗೆ ಅಮ್ಮನ ಜೋಡಿ ಇತ್ತು, ತುದಿ ಹೊರಗೆ.

"ನಮ್ಮವಳು ಒಳಗೆ ಬಂದ್ಲೇನಮ್ಮಾ?" ಎಂದರು. "ಬಂದಿದ್ರೆ ಚಿಲಕ ಹಾಕ್ಬೇಕಿತ್ತು."

ಜೀವನವಿಡೀ ಬೇರೆಯವರ ತಪ್ಪು ತಿದ್ದಿದವಳು ಈ ತಪ್ಪನ್ನು ತಿದ್ದಲಿಲ್ಲ.

"ಬಂದ್ರು ತಾತ. ಮಲಗಿದಾರೆ."

ತಾತ ತಲೆಯಾಡಿಸಿ ಎದ್ದು ಹೋದರು. ಸೊಸೆ ಕುರ್ಚಿ ಹೊತ್ತು ಬಂದಳು. ಅದನ್ನು ಗುಬ್ಬಿಯ ಕೈಗೆ ಕೊಡುತ್ತ, ಹಿಡಿತ ಬಿಡದೆ ಕೇಳಿದಳು. "ಅಕ್ಕಾ, ನಿಮಗೆ ನಿದ್ದೆ ತೆಳು ಅಂತಾರೆ. ಅವತ್ತು ರಾತ್ರಿ ಏನಾದ್ರೂ ಕೇಳಿಸಿತ್ತಾ? ಬಾಗಿಲು ಬಡ್ಕೊಂಡಿದ್ದು?"

ಒಳಗೆ ಮಗು ತಾತನ ಮಡಿಲೇರಿ ನಗುತ್ತಿತ್ತು. ತಾತ ನಿಂತುಹೋದ ಒಂದು ವಾಚನ್ನು ಅದರ ಕಿವಿಗೆ ಹಿಡಿದು, "ಕೇಳಿಸ್ತಾ? ಕೇಳಿಸ್ತಾ?" ಎನ್ನುತ್ತಿದ್ದರು.

"ಹೂಂ," ಎಂದಳು ಗುಬ್ಬಿ. "ಜೋರಾಗಿ ಬಡ್ಕೊಳ್ತು. ಗಾಳಿ ಅಂದ್ಕೊಂಡೆ."

ಸೊಸೆಯ ಕೈ ಕುರ್ಚಿಯನ್ನು ಬಿಟ್ಟಿತು. ಗುಬ್ಬಿ ಅದನ್ನು ಎದೆಗವಚಿಕೊಂಡು ತನ್ನ ಮನೆಯತ್ತ ತಿರುಗಿದಳು. ಆ ಎರಡು ಸದ್ದುಗಳನ್ನು ಇನ್ನು ಯಾರ ಮುಂದೆಯೂ ಆಡುವುದಿಲ್ಲ, ದೊಡ್ಡಮ್ಮನ ಮುಂದೆಯೂ ಇಲ್ಲ, ಎಂದು ಹೊಸಿಲು ದಾಟುವಾಗಲೇ ತೀರ್ಮಾನಿಸಿದಳು.